ಭಾರ ಹೊತ್ತ ಜೀಪಿಗೆ ಎಷ್ಟು ಎತ್ತರ ಬೇಕು: ಕೊಡಗಿನ ದಾರಿಗಳಿಗೆ ಸಸ್ಪೆನ್ಷನ್ ಆರಿಸುವ ಕ್ರಮ

ಕೊಡಗಿನಲ್ಲಿ ಫೋರ್‌ವೀಲ್ ಡ್ರೈವ್ ವಾಹನದ ಕೆಲಸ ಋತುವಿನೊಂದಿಗೆ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಸರು, ಕೊರಕಲು ಮತ್ತು ಅಡ್ಡಬಿದ್ದ ಮರಗಳ ನಡುವೆ ದಾರಿ ಮಾಡಿಕೊಳ್ಳಬೇಕು. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದರೆ ಹಣ್ಣಿನ ಮೂಟೆಗಳನ್ನು ತೋಟದ ಒಳಗಿನಿಂದ ಕಣಕ್ಕೆ ಹೊರಬೇಕು. ಉಳಿದ ದಿನಗಳಲ್ಲಿ ಮನೆಯವರನ್ನು ಮಡಿಕೇರಿಗೋ ವಿರಾಜಪೇಟೆಗೋ ಡಾಂಬರು ರಸ್ತೆಯಲ್ಲಿ ಕರೆದೊಯ್ಯಬೇಕು. ಇಂಥ ವಾಹನಕ್ಕೆ ವಿಂಚ್ (ಸಿಕ್ಕಿಬಿದ್ದ ವಾಹನವನ್ನು ಎಳೆಯುವ ಯಂತ್ರ), ಮೇಲಿನ ಕ್ಯಾರಿಯರ್, ದಪ್ಪ ಟಯರು, ಭಾರವಾದ ಸ್ಟೆಪ್ನಿ, ತಳದ ಕಬ್ಬಿಣದ ತಗಡು ಒಂದೊಂದಾಗಿ ಸೇರುತ್ತ ಹೋದಂತೆ ಅದು ಕ್ರಮೇಣ ಕುಸಿಯುತ್ತದೆ, ಮೊದಲು ಸಲೀಸಾಗಿ ದಾಟುತ್ತಿದ್ದ ಮೋರಿಯ ಅಂಚಿಗೆ ತಳ ತಾಗಲು ತೊಡಗುತ್ತದೆ. ಆಗ ಸಸ್ಪೆನ್ಷನ್, ಅಂದರೆ ವಾಹನವನ್ನು ಚಕ್ರಗಳ ಮೇಲೆ ಹೊರುವ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ವ್ಯವಸ್ಥೆ, ಬದಲಿಸಲು ಹೊರಟವರು ಗ್ಯಾರೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ ಎಷ್ಟು ಇಂಚು ಎತ್ತರಿಸಬಹುದು ಎಂಬುದಾಗಿರುತ್ತದೆ. ಅದಕ್ಕಿಂತ ಮೊದಲು ಯಾವ ಆಕ್ಸಲಿನ, ಅಂದರೆ ಚಕ್ರಗಳ ಅಚ್ಚಿನ, ಮೇಲೆ ಎಷ್ಟು ಕಿಲೋ ಹೆಚ್ಚಾಗಿದೆ ಎಂಬುದಕ್ಕೆ ಉತ್ತರ ಸಿಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎತ್ತರ ಆ ಲೆಕ್ಕದಿಂದ ತಾನಾಗಿ ಹೊರಡಬೇಕು.

ಆದ್ದರಿಂದ ಮೊದಲ ಕೆಲಸ ತೂಕ ಮಾಡಿಸುವುದು. ಕಾಫಿ ಲಾರಿಗಳನ್ನು ತೂಗುವ ಯಾವುದೇ ವೇಬ್ರಿಡ್ಜ್ ಸಾಕು. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಂತೆ ಕಾಫಿ ಕ್ಯೂರಿಂಗ್ (ಕಾಫಿ ಬೀಜದ ಸಂಸ್ಕರಣೆ) ನಡೆಯುವ ಕಡೆಗಳಲ್ಲಿ ಹುಡುಕಿದರೆ ಒಳ್ಳೆಯದು. ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಸದಾ ವಾಹನದಲ್ಲೇ ಇರುವ ಸಾಮಾನನ್ನೆಲ್ಲ ಇಟ್ಟು, ಮೊದಲು ಮುಂದಿನ ಎರಡು ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ, ನಂತರ ಇಡೀ ವಾಹನವನ್ನು, ಕೊನೆಗೆ ಹಿಂದಿನ ಚಕ್ರಗಳನ್ನು ಮಾತ್ರ ತೂಗಿಸಬೇಕು. ಇದೇ ಕ್ರಮವನ್ನು ಜನರು ಮತ್ತು ಮೂಟೆಗಳು ತುಂಬಿರುವಾಗ ಇನ್ನೊಮ್ಮೆ ಮಾಡಿದರೆ ಶಾಶ್ವತ ಭಾರ ಎಷ್ಟು, ಬಂದು ಹೋಗುವ ಭಾರ ಎಷ್ಟು ಎಂಬುದು ಬೇರೆಬೇರೆಯಾಗಿ ಸಿಗುತ್ತದೆ. ಎರಡು ಸಲವೂ ಸಮತಟ್ಟಾದ ನೆಲದಲ್ಲಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಮೂಲೆಗಳಲ್ಲಿ ಮಿಲಿಮೀಟರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು. ನೆಲದಿಂದ ಅಳೆದರೆ ಟಯರಿನ ಗಾಳಿ ಮತ್ತು ಸವೆತ ಲೆಕ್ಕವನ್ನು ಕೆಡಿಸುತ್ತವೆ.

ಭಾರ ಎಲ್ಲಿ ಕೂತಿದೆ ಎಂಬುದು ಅದು ಎಷ್ಟಿದೆ ಎಂಬುದರಷ್ಟೇ ಮುಖ್ಯ. ಮಹೀಂದ್ರಾ ಥಾರ್‌ನ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 2,450 ಮಿ.ಮೀ. ಮುಂದಿನ ಆಕ್ಸಲಿಗಿಂತ 700 ಮಿ.ಮೀ. ಮುಂದಕ್ಕೆ 35 ಕಿಲೋ ತೂಕದ ವಿಂಚ್ ಕೂರಿಸಿದರೆ ಮುಂದಿನ ಸ್ಪ್ರಿಂಗ್‌ಗಳ ಮೇಲೆ ಬೀಳುವ ಹೆಚ್ಚುವರಿ ಭಾರ 45 ಕಿಲೋ ಆಗುತ್ತದೆ, ಹಿಂದಿನ ಆಕ್ಸಲಿನಿಂದ 10 ಕಿಲೋ ಹಗುರಾಗುತ್ತದೆ. ಹಿಂಬಾಗಿಲಿಗೆ ನೇತುಹಾಕಿದ ದೊಡ್ಡ ಸ್ಟೆಪ್ನಿ ಮತ್ತು ಅದರ ಪಕ್ಕದ ಡೀಸೆಲ್ ಕ್ಯಾನ್ ಇದೇ ಲೆಕ್ಕವನ್ನು ತಿರುಗುಮುರುಗಾಗಿ ಮಾಡುತ್ತವೆ: ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ, ಕಡಿದಾದ ಏರಿನಲ್ಲಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಎಷ್ಟೋ ಸಲ ಒಂದು ವಸ್ತುವನ್ನು ಎರಡು ಆಕ್ಸಲ್‌ಗಳ ನಡುವೆ ತಂದಿಟ್ಟರೆ ಹಣ ಖರ್ಚಾಗದೆಯೇ ಅರ್ಧ ಸಮಸ್ಯೆ ತೀರುತ್ತದೆ.

ತಯಾರಕರು ನಿಗದಿಪಡಿಸಿದ ಒಟ್ಟು ತೂಕದ ಮಿತಿಯನ್ನು ಯಾವ ಸ್ಪ್ರಿಂಗೂ ಹೆಚ್ಚಿಸಲಾರದು, ಏಕೆಂದರೆ ಬ್ರೇಕು, ಬೇರಿಂಗ್, ಆಕ್ಸಲ್ ಮತ್ತು ಚಾಸಿ (ತಳದ ಚೌಕಟ್ಟು) ಹಳೆಯವೇ ಆಗಿರುತ್ತವೆ. ಐದು ಬಾಗಿಲಿನ ಮಾರುತಿ ಜಿಮ್ನಿಯ ಖಾಲಿ ತೂಕ ಸುಮಾರು 1,200 ಕಿಲೋ, ಅದರ ಒಟ್ಟು ತೂಕದ ಮಿತಿ 1,545 ಕಿಲೋ. ತಲಾ 70 ಕಿಲೋದ ನಾಲ್ವರು ಕೂತರೆ ಉಳಿಯುವುದು ಸುಮಾರು 65 ಕಿಲೋ ಮಾತ್ರ. ಒಂದು ವಿಂಚ್ ಮತ್ತು ಅದನ್ನು ಹಿಡಿಯುವ ಕಬ್ಬಿಣದ ಚೌಕಟ್ಟು ಅಷ್ಟನ್ನೂ ನುಂಗಿಬಿಡುತ್ತವೆ. ತೂಕದ ಚೀಟಿಯನ್ನು ಈ ಮಿತಿಯ ಪಕ್ಕದಲ್ಲಿಟ್ಟು ನೋಡಿದ ಮೇಲೆ ಕೆಲವು ಸಾಮಾನುಗಳನ್ನು ಕಳಚಿ ಮನೆಯಲ್ಲಿಡುವುದೇ ಸರಿಯಾದ ತೀರ್ಮಾನ ಎಂದು ಕಂಡುಬಂದರೆ ಹಾಗೆಯೇ ಮಾಡಬೇಕು.

ಈಗ ಸ್ಪ್ರಿಂಗಿನ ವಿಷಯ. ಸ್ಪ್ರಿಂಗಿನ ಬಿಗುಪನ್ನು ಅದು ಒಂದು ಮಿಲಿಮೀಟರ್ ಕುಗ್ಗಲು ಬೇಕಾದ ಬಲದಿಂದ, ಅಂದರೆ ಪ್ರತಿ ಮಿ.ಮೀ.ಗೆ ಇಷ್ಟು ನ್ಯೂಟನ್ ಎಂದು, ಅಳೆಯುತ್ತಾರೆ. ಹಿಂದಿನ ಆಕ್ಸಲಿಗೆ 120 ಕಿಲೋ ಸೇರಿದೆ ಎಂದುಕೊಳ್ಳೋಣ. ಚಕ್ರವೊಂದಕ್ಕೆ 60 ಕಿಲೋ, ಅಂದರೆ ಸುಮಾರು 590 ನ್ಯೂಟನ್. ಚಕ್ರದ ಬಳಿ ಲೆಕ್ಕ ಹಾಕಿದಾಗ ಸ್ಪ್ರಿಂಗಿನ ಬಿಗುಪು ಪ್ರತಿ ಮಿ.ಮೀ.ಗೆ 20 ನ್ಯೂಟನ್ ಇದ್ದರೆ ಹಿಂಭಾಗ ಸುಮಾರು 30 ಮಿ.ಮೀ. ಕುಸಿಯುತ್ತದೆ. ಅದೇ ಬಿಗುಪಿನ, ಬರೀ ಉದ್ದ ಹೆಚ್ಚಿಸಿದ 40 ಮಿ.ಮೀ. ಎತ್ತರದ ಸ್ಪ್ರಿಂಗ್ ಹಾಕಿಸಿದರೆ ಕೊನೆಗೆ ದಕ್ಕುವುದು ಬರೀ 10 ಮಿ.ಮೀ. ಸ್ಪ್ರಿಂಗಿನ ಮೇಲೆ ರಬ್ಬರ್ ಅಥವಾ ಅಲ್ಯೂಮಿನಿಯಮ್ಮಿನ ಸ್ಪೇಸರ್ ಇಡುವುದೂ ಬಿಗುಪನ್ನು ಒಂದಿಷ್ಟೂ ಬದಲಿಸುವುದಿಲ್ಲ. ಖಾಲಿ ನಿಂತಾಗ ವಾಹನ ಎತ್ತರವಾಗಿ ಕಾಣುತ್ತದೆ, ಭಾರ ಬಿದ್ದಾಗ ಹಿಂದಿನಂತೆಯೇ ಕುಗ್ಗುತ್ತದೆ. ಭಾರ ಹೆಚ್ಚಿದ ವಾಹನಕ್ಕೆ ಸ್ಪೇಸರ್ ಹಾಕಿಸುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪು ಆಯ್ಕೆ ಜನವರಿಯ ಮೂಟೆಗಳನ್ನು ಲೆಕ್ಕಕ್ಕೆ ಹಿಡಿದು ಅತಿ ಬಿಗಿಯಾದ ಸ್ಪ್ರಿಂಗ್ ಕೊಳ್ಳುವುದು. ಎಂಟು ಮೂಟೆ ಹಣ್ಣು, ತಲಾ 50 ಕಿಲೋದಂತೆ, 400 ಕಿಲೋ ಆಗುತ್ತದೆ. ಅದಕ್ಕೆ ಹೊಂದುವ ಸ್ಪ್ರಿಂಗ್ ಜುಲೈನಲ್ಲಿ ಖಾಲಿ ವಾಹನದ ಕೆಳಗೆ ಕುಗ್ಗುವುದೇ ಇಲ್ಲ. ಚಕ್ರ ಕೊರಕಲಿಗೆ ಇಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ, ಒದ್ದೆಯಾದ ಕೆಮ್ಮಣ್ಣಿನ ಮೇಲೆ ಹಿಡಿತ ಹೋಗುತ್ತದೆ, ಡಾಂಬರಿನ ತಿರುವುಗಳಲ್ಲಿ ಹಿಂಭಾಗ ಪುಟಿಯುತ್ತದೆ. ಹಾಗಾಗಿ ಸ್ಪ್ರಿಂಗನ್ನು ಶಾಶ್ವತ ಭಾರಕ್ಕೆ, ಅದರ ಜೊತೆಗೆ ಸಾಮಾನ್ಯವಾಗಿ ಪ್ರಯಾಣಿಸುವ ಇಬ್ಬರ ತೂಕಕ್ಕೆ ಹೊಂದಿಸಬೇಕು. ಬಂದು ಹೋಗುವ ಭಾರಕ್ಕೆ ಬೇರೆ ಉಪಾಯಗಳಿವೆ: ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗಿನ ಒಳಗೆ ಕೂರುವ ಗಾಳಿಚೀಲವನ್ನು ಮೂಟೆ ಹೇರುವಾಗ ತುಂಬಿಸಿ, ಇಳಿಸಿದ ಮೇಲೆ ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕೆ ತರಬಹುದು, ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್ ಇದ್ದರೆ ಭಾರ ಬಿದ್ದಾಗ ಮಾತ್ರ ತಾಗುವ ಹೆಲ್ಪರ್ ಪ್ಲೇಟು ಸೇರಿಸಬಹುದು. ಗಾಳಿಚೀಲವನ್ನು ಬಿಗಿಯಾಗಿಯೇ ಇಟ್ಟು ಕೊರಕಲು ದಾರಿಗೆ ಇಳಿದರೆ ಚಕ್ರಗಳ ಮೇಲೆಕೆಳಗಿನ ಚಲನೆ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು. ತೋಟದೊಳಗಿನ ಸಾಗಾಟವೇ ಹೆಚ್ಚಾಗಿದ್ದರೆ ಮೂಟೆಗಳಿಗೆ ಟ್ರ್ಯಾಕ್ಟರ್ ಬಳಸುವುದು ಎಲ್ಲಕ್ಕಿಂತ ಮೇಲು.

ಮುಂದಿನ ಆಯ್ಕೆ ವಾಹನದ ಕೆಳಗಿನ ರಚನೆಯನ್ನು ಅವಲಂಬಿಸಿದೆ. ಹಳೆಯ ಮಹೀಂದ್ರಾ ಜೀಪುಗಳಾದ ಎಂಎಂ 540, ಎಂಎಂ 550 ಮತ್ತು ಮಾರುತಿ ಜಿಪ್ಸಿಯಲ್ಲಿ ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್ ಮತ್ತು ಎಡಬಲ ಚಕ್ರಗಳನ್ನು ಒಂದಾಗಿ ಜೋಡಿಸುವ ಇಡಿಯಾದ ಆಕ್ಸಲ್ ಇವೆ. ಇಲ್ಲಿ ಒಂದು ಪ್ಲೇಟು ಸೇರಿಸುವುದು ಅಗ್ಗದ ದಾರಿ. ಆದರೆ ಹಳೆಯ ಪ್ಲೇಟುಗಳು ಈಗಾಗಲೇ ಚಪ್ಪಟೆಯಾಗಿದ್ದರೆ ಹೊಸ ಪ್ಲೇಟೊಂದೇ ಭಾರವನ್ನೆಲ್ಲ ಹೊತ್ತು ಬೇಗ ಮುರಿಯುತ್ತದೆ, ಆದ್ದರಿಂದ ಇಡೀ ಕಟ್ಟನ್ನೇ ಬದಲಿಸುವುದು ಉತ್ತಮ. ಉದ್ದದ ಶಾಕಲ್ (ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿದರೆ ಅದರ ಹೆಚ್ಚುವರಿ ಉದ್ದದ ಅರ್ಧದಷ್ಟು ಮಾತ್ರ ಎತ್ತರ ಸಿಗುತ್ತದೆ, ಅಷ್ಟಕ್ಕೇ ಆಕ್ಸಲ್ ತಿರುಗಿ ಸ್ಟೀರಿಂಗಿನ ಕೋನವೂ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತವೆ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟುಗಳನ್ನು ಬಿಚ್ಚಿದ ಮೇಲೆ ಮತ್ತೆ ಬಳಸಬಾರದು. ಒಮ್ಮೆ ಎಳೆದ ಬೋಲ್ಟು ಅದೇ ಬಿಗಿ ಹಿಡಿಯುವುದಿಲ್ಲ.

ಜಿಮ್ನಿಯಲ್ಲಿ ಎರಡೂ ಕಡೆ ಇಡಿಯಾದ ಆಕ್ಸಲ್ ಮತ್ತು ಕಾಯಿಲ್ ಸ್ಪ್ರಿಂಗ್ ಇವೆ. ಎತ್ತರ ಹೆಚ್ಚಿದಂತೆ ಆಕ್ಸಲನ್ನು ಅಡ್ಡಲಾಗಿ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಮುಂದಿನ ಚಕ್ರಗಳ ಕ್ಯಾಸ್ಟರ್ ಕೋನ (ಸ್ಟೀರಿಂಗ್ ತಿರುಗುವ ಅಕ್ಷದ ಹಿಂದಕ್ಕಿನ ಓರೆ) ಕಡಿಮೆಯಾಗಿ ವೇಗದಲ್ಲಿ ಸ್ಟೀರಿಂಗ್ ಅಲೆದಾಡುತ್ತದೆ. 40 ಮಿ.ಮೀ. ದಾಟಿದರೆ ಉದ್ದ ಹೊಂದಿಸಬಹುದಾದ ರಾಡ್ ಮತ್ತು ಕ್ಯಾಸ್ಟರ್ ತಿದ್ದುವ ಬುಷ್‌ಗಳ ವೆಚ್ಚವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. 2020ರ ನಂತರದ ಥಾರ್‌ನಲ್ಲಿ ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವೂ ಎರಡು ತೋಳುಗಳ ಮೇಲೆ ಬೇರೆಯಾಗಿ ಚಲಿಸುವ ರಚನೆ), ಹಿಂದೆ ಇಡಿಯಾದ ಆಕ್ಸಲ್. ಮುಂದೆ ಎತ್ತರಿಸಿದಷ್ಟೂ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟುಗಳು ಮತ್ತು ಬಾಲ್ ಜಾಯಿಂಟುಗಳು ಓರೆಯಾಗಿ ಕೆಲಸ ಮಾಡುತ್ತವೆ, ಅವುಗಳ ರಬ್ಬರ್ ಬೂಟು ಹರಿದರೆ ನಮ್ಮ ಮಳೆಗಾಲದ ಕೆಸರು ಜಾಯಿಂಟನ್ನು ಬೇಗನೆ ತಿನ್ನುತ್ತದೆ. ಇಂಥ ವಾಹನಕ್ಕೆ 50 ಮಿ.ಮೀ.ಯನ್ನು ಮೇಲ್ಮಿತಿಯೆಂದು ಇಟ್ಟುಕೊಳ್ಳುವುದು ಕ್ಷೇಮ. ವಿ-ಕ್ರಾಸ್ ಅಥವಾ ಹೈಲಕ್ಸ್‌ನಂಥ ಪಿಕಪ್‌ಗಳಲ್ಲಿ ಹಿಂದೆ ಲೀಫ್ ಇರುವುದರಿಂದ ಮುಂದಿನದಕ್ಕೂ ಹಿಂದಿನದಕ್ಕೂ ಪ್ರತ್ಯೇಕ ಲೆಕ್ಕ ಮಾಡಬೇಕಾಗುತ್ತದೆ.

ಸ್ಪ್ರಿಂಗ್ ಬದಲಿಸಿ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಳ್ಳುವುದು ಹಣ ಉಳಿಸಿದಂತೆ ತೋರುತ್ತದೆ, ನಿಜವಾಗಿ ಅದು ಅಪಾಯಕರ. ಬಿಗಿಯಾದ ಸ್ಪ್ರಿಂಗ್ ಕುಗ್ಗಿದ ಮೇಲೆ ಹೆಚ್ಚು ಬಲದಿಂದ ಮರಳುತ್ತದೆ. ಆ ಮರಳುವಿಕೆಯನ್ನು ತಡೆಯುವ ಶಕ್ತಿ ಮೂಲ ಶಾಕ್ ಅಬ್ಸಾರ್ಬರಿಗೆ ಇರುವುದಿಲ್ಲ. ಅದರ ಉದ್ದವೂ ಹೊಂದಬೇಕು: ತೀರಾ ಗಿಡ್ಡದ್ದಾದರೆ ಚಕ್ರ ಕೆಳಗಿಳಿದಾಗಲೆಲ್ಲ ಶಾಕ್ ಅಬ್ಸಾರ್ಬರೇ ತಡೆಕಟ್ಟೆಯಾಗಿ ಕಿತ್ತುಬರುತ್ತದೆ, ತೀರಾ ಉದ್ದವಾದರೆ ಬಂಪ್ ಸ್ಟಾಪ್ (ಚಕ್ರ ಮೇಲೇರುವುದನ್ನು ತಡೆಯುವ ರಬ್ಬರ್ ಗಟ್ಟಿ) ತಾಗುವ ಮೊದಲೇ ಒಳಗೆ ಗುದ್ದಿಕೊಂಡು ಒಡೆಯುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರನ್ನು ಒಬ್ಬರೇ ತಯಾರಕರಿಂದ, ಒಂದೇ ಭಾರದ ಶ್ರೇಣಿಗೆ ಹೊಂದಿಸಿದ ಜೋಡಿಯಾಗಿ ಕೊಳ್ಳಿ. ಅಂಗಡಿಯವರು ಎತ್ತರವನ್ನು ಮಾತ್ರ ಹೇಳಿ, ಸ್ಪ್ರಿಂಗಿನ ಬಿಗುಪನ್ನೋ ಅದು ಹೊರುವ ಕಿಲೋ ಶ್ರೇಣಿಯನ್ನೋ ಹೇಳಲಾರದೆ ಹೋದರೆ ಅಲ್ಲಿ ಕೊಳ್ಳಬೇಡಿ.

ಎತ್ತರದಿಂದ ಏನು ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಇಡಿಯಾದ ಆಕ್ಸಲ್ ಇರುವ ಕಡೆ ಅದರ ನಡುವೆ ಗೇರುಗಳಿರುವ ಡಿಫರೆನ್ಷಿಯಲಿನ ಉಬ್ಬು ನೆಲದಿಂದ ಎಷ್ಟು ಮೇಲಿರುತ್ತದೆ ಎಂಬುದನ್ನು ಟಯರಿನ ಗಾತ್ರವೊಂದೇ ನಿರ್ಧರಿಸುತ್ತದೆ. ಸ್ಪ್ರಿಂಗ್ ಎತ್ತುವುದು ಚಾಸಿಯನ್ನು ಮತ್ತು ಬಾಡಿಯನ್ನು. ಮೋರಿಯ ಅಂಚು, ದಿಣ್ಣೆಯ ನೆತ್ತಿ ದಾಟಲು ಅದು ನೆರವಾಗುತ್ತದೆ, ಕೊರಕಲಿನ ನಡುವಿನ ಕಲ್ಲು ತಪ್ಪಿಸಲು ಅಷ್ಟಾಗಿ ನೆರವಾಗದು. ನಮ್ಮ ತೋಟದ ರಸ್ತೆಗಳು ಬಹುಪಾಲು ಗುಡ್ಡದ ಪಕ್ಕೆಯನ್ನು ಕಡಿದು ಮಾಡಿದವು. ಮಳೆಯಲ್ಲಿ ಹೊರ ಅಂಚು ಕುಸಿದು ದಾರಿ ಕಣಿವೆಯ ಕಡೆಗೆ ವಾಲಿರುತ್ತದೆ. ಅಲ್ಲಿ ವಾಹನ ಉರುಳದಂತೆ ಕಾಯುವುದು ತಗ್ಗಿನ ಭಾರಕೇಂದ್ರ. ಮೇಲಿನ ಕ್ಯಾರಿಯರಿನಲ್ಲಿ 60 ಕಿಲೋ ಹೇರಿ ಮೂರು ಇಂಚು ಎತ್ತರಿಸಿದ ವಾಹನವನ್ನು ಆ ಓರೆಯಲ್ಲಿ ಓಡಿಸುವುದನ್ನು ನೆನೆದರೇ ಆತಂಕವಾಗುತ್ತದೆ. ಕೊಡಗಿನ ಬಳಕೆಗೆ ಭಾರ ಹೊತ್ತ ಸ್ಥಿತಿಯಲ್ಲಿ ಮೂಲ ಎತ್ತರಕ್ಕಿಂತ 25ರಿಂದ 40 ಮಿ.ಮೀ. ಮೇಲೆ ನಿಲ್ಲುವ ವಾಹನ ಸಾಕು ಎಂದು ನನಗನ್ನಿಸುತ್ತದೆ.

ಕಾನೂನಿನ ಮಾತನ್ನು ಹಣ ಕೊಡುವ ಮೊದಲೇ ವಿಚಾರಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ; ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಬಂಪರಿನ ಮುಂದೆ ಕೂರಿಸುವ ಕಬ್ಬಿಣದ ಬುಲ್ ಬಾರ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ಕ್ರಮಕ್ಕೆ ಸೂಚಿಸಿದೆ, ಅದನ್ನು ತೆಗೆದರೆ ಮುಂದಿನ ಭಾರವೂ ಇಳಿಯುತ್ತದೆ. ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮಾ ಕಂಪನಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಂಡು ಮುಂದುವರಿಯಿರಿ.

ಜೋಡಣೆಯ ದಿನ ಗ್ಯಾರೇಜಿನಲ್ಲೇ ನಿಂತು ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು. ರಬ್ಬರ್ ಬುಷ್‌ಗಳ ಬೋಲ್ಟನ್ನು ವಾಹನ ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊನೆಯ ಬಿಗಿ ಕೊಡಬೇಕು, ಲಿಫ್ಟಿನ ಮೇಲೆ ತೂಗಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡು ಹರಿಯುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಬಿಗಿಯಾಗದಂತೆ ಸಡಿಲವಿರಬೇಕು. ಹಿಂದಿನ ಆಕ್ಸಲಿಗೆ ಕೊಂಡಿ ಇರುವ ಬ್ರೇಕ್ ವಾಲ್ವ್ ಕೆಲವು ವಾಹನಗಳಲ್ಲಿದೆ. ಎತ್ತರ ಹೆಚ್ಚಿದಾಗ ಅದು ವಾಹನ ಖಾಲಿಯಿದೆಯೆಂದು ತಿಳಿದು ಹಿಂದಿನ ಬ್ರೇಕಿನ ಬಲ ತಗ್ಗಿಸುವುದರಿಂದ ಅದನ್ನೂ ಹೊಂದಿಸಬೇಕು. ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕನ್ನು ತಗ್ಗಿಸಿಕೊಳ್ಳಿ, ಇಲ್ಲದಿದ್ದರೆ ಮಂಜಿನ ರಾತ್ರಿಯಲ್ಲಿ ಎದುರಿನವರ ಕಣ್ಣು ಕುಕ್ಕುತ್ತದೆ. 500 ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳ ಬಿಗಿಯನ್ನು ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ನೋಡಿಸಿ, ನಾಲ್ಕೂ ಮೂಲೆಗಳ ಎತ್ತರವನ್ನು ಇನ್ನೊಮ್ಮೆ ಅಳೆಯಬೇಕು. ಹೊಸ ಸ್ಪ್ರಿಂಗ್ ಮೊದಮೊದಲು ಕೆಲವು ಮಿಲಿಮೀಟರ್ ಕೂರುವುದು ಸಹಜ, ಎಡಬಲಗಳಲ್ಲಿ ವ್ಯತ್ಯಾಸ ಕಂಡರೆ ಮಾತ್ರ ಗ್ಯಾರೇಜಿಗೆ ಮರಳಿ ಒಯ್ಯಬೇಕು.