ಗುದ್ದಲಿ ಹಾಕಬಾರದ ನೆಲದಲ್ಲಿ ಗಿಡ ನೆಡುವುದು: ಕಹೋಲಾವೆ ದ್ವೀಪದ ಕ್ರಮ

ಹವಾಯಿಯ ಮಾವಿ ದ್ವೀಪದಿಂದ ನೈರುತ್ಯಕ್ಕೆ 11 ಕಿ.ಮೀ. ದೂರದಲ್ಲಿ ಕಹೋಲಾವೆ ಇದೆ. ವಿಸ್ತೀರ್ಣ 28,800 ಎಕರೆ. 1941ರ ಡಿಸೆಂಬರ್‌ನಿಂದ 1990ರ ಅಕ್ಟೋಬರ್‌ವರೆಗೆ ಅಮೆರಿಕದ ಸೇನೆ ಅದರ ಮೇಲೆ ಬಾಂಬು, ಶೆಲ್ಲು ಹಾಕಿ ಗುರಿಯ ಅಭ್ಯಾಸ ನಡೆಸಿತು. ಆಡುಗಳು 18ನೇ ಶತಮಾನದ ಕೊನೆಯಿಂದಲೇ ದ್ವೀಪವನ್ನು ಮೇಯ್ದು ಬೋಳು ಮಾಡುತ್ತಿದ್ದವು. ಎರಡೂ ಸೇರಿ ದ್ವೀಪದ ಸುಮಾರು ಮೂರನೇ ಒಂದು ಭಾಗದಲ್ಲಿ ಮೇಲ್ಮಣ್ಣೇ ಹೋಗಿ, ಇಟ್ಟಿಗೆಯಂಥ ಕೆಂಪು ಗಟ್ಟಿನೆಲ ಉಳಿಯಿತು. ಮಳೆ ಬಂದಾಗ ಆ ಕೆಸರು ಕಡಲಿಗಿಳಿದು ಹವಳದ ಮೇಲೆ ಕೂರುತ್ತದೆ. ಇಂಥ ನೆಲಕ್ಕೆ ಹಸಿರು ಹಿಡಿಸಬೇಕು, ಆದರೆ ಸಿಡಿಯದ ಬಾಂಬು, ಶೆಲ್ಲುಗಳು ಮಣ್ಣಿನೊಳಗೆ ಉಳಿದಿರುವುದರಿಂದ ಹೆಚ್ಚಿನ ಕಡೆ ಒಂದು ಗುಂಡಿಯನ್ನೂ ತೋಡುವಂತಿಲ್ಲ. ಕೆಲಸದ ಕ್ರಮವೆಲ್ಲ ಈ ಒಂದು ನಿರ್ಬಂಧದಿಂದಲೇ ಹುಟ್ಟಿದ್ದು.

ಮೊದಲು ನಕ್ಷೆ ಓದಿ. ಈ ಸ್ಫೋಟಕಗಳನ್ನು ಹುಡುಕಿ ತೆಗೆಯಲು 1993ರಲ್ಲಿ ಅಮೆರಿಕದ ಕಾಂಗ್ರೆಸ್ 40 ಕೋಟಿ ಡಾಲರ್ ನಿಗದಿ ಮಾಡಿತು. ಇಡೀ ದ್ವೀಪದ ಮೇಲ್ಮೈಯನ್ನೂ, ಶೇ. 30ರಷ್ಟು ನೆಲವನ್ನು ಆಳದವರೆಗೂ ಶೋಧಿಸುವುದು ಆಗಿನ ಗುರಿ. 2004ರಲ್ಲಿ ಕೆಲಸ ನಿಂತಾಗ ಮೇಲ್ಮೈ ಶೋಧನೆ ಆಗಿದ್ದದ್ದು ಸುಮಾರು ಶೇ. 75 ಭಾಗದಲ್ಲಿ. ಅದರೊಳಗೆ ನಾಲ್ಕು ಅಡಿ ಆಳದವರೆಗೆ ಶೋಧಿಸಿದ್ದು 2,647 ಎಕರೆ ಮಾತ್ರ, ಅಂದರೆ ದ್ವೀಪದ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಉಳಿದ ಕಾಲು ಭಾಗವನ್ನು ಮುಟ್ಟಿಯೇ ಇಲ್ಲ. ಆದ್ದರಿಂದ ‘ಶುದ್ಧಿಯಾಗಿದೆ’ ಎಂಬ ಮಾತನ್ನು ಯಾರು ಹೇಳಿದರೂ ಎಷ್ಟು ಆಳಕ್ಕೆ, ಯಾವ ವರ್ಷ ಎಂದು ಕೇಳಿ. ಸವೆಯುವ ನೆಲದಲ್ಲಿ ಮೇಲ್ಮೈ ಶೋಧನೆಯ ಭರವಸೆ ಮುಂದಿನ ದೊಡ್ಡ ಮಳೆಯವರೆಗೆ ಮಾತ್ರ. ನಿನ್ನೆ ಒಂದು ಅಡಿ ಆಳದಲ್ಲಿದ್ದ ಶೆಲ್ಲು ಮಣ್ಣು ತೊಳೆದುಹೋದ ಮೇಲೆ ಕಾಲಡಿಗೆ ಬರುತ್ತದೆ. ಪ್ರತಿ ಮಳೆಯ ನಂತರ ಗಿಡ ನೆಡುವವರಿಗಿಂತ ಮುಂಚೆ ಸ್ಫೋಟಕ ಬಲ್ಲ ತಂತ್ರಜ್ಞರು ದಾರಿಯನ್ನು ನಡೆದು ನೋಡಬೇಕು.

ಗುರುತು ಸಿಗದ ಲೋಹ ಕಂಡರೆ ಅಲ್ಲೇ ನಿಲ್ಲಿ. ಮುಟ್ಟುವುದು, ಒದೆಯುವುದು, ಹತ್ತಿರ ಹೋಗಿ ಫೋಟೋ ತೆಗೆಯುವುದು ಬೇಡ. ಫೋನು, ವಾಕಿಟಾಕಿಗಳನ್ನು ಅದರ ಬಳಿ ಬಳಸಬೇಡಿ. ನಿಮ್ಮದೇ ಹೆಜ್ಜೆಗುರುತಿನ ಮೇಲೆ ಹಿಂದಿರುಗಿ, ದೂರ ಹೋದ ಮೇಲೆ ಜಾಗ ತಿಳಿಸಿ. ತುಕ್ಕು ಹಿಡಿದಿದೆ ಎಂದು ಧೈರ್ಯ ಮಾಡುವವರೇ ಅಪಾಯಕ್ಕೆ ಸಿಗುವುದು. ತುಕ್ಕು ಹೊರಕವಚವನ್ನು ತಿನ್ನುತ್ತದೆಯೇ ಹೊರತು ಒಳಗಿನ ಮದ್ದನ್ನು ಸಾಯಿಸುವುದಿಲ್ಲ.

ಇನ್ನು ನೀರು ತಡೆಯುವ ಕೆಲಸ. ಎ-ಫ್ರೇಮ್, ಅಂದರೆ ಮಟ್ಟ ನೋಡುವ A ಆಕಾರದ ಚೌಕಟ್ಟು ಹಿಡಿದು, ಇಳಿಜಾರಿಗೆ ಅಡ್ಡವಾಗಿ ಒಂದೇ ಎತ್ತರದಲ್ಲಿ ಸಾಗುವ ಸಮಪಾತಳಿ ಗೆರೆ ಗುರುತಿಸಿ. ಸುಣ್ಣದ ಪುಡಿ ಅಥವಾ ಕಲ್ಲಿನ ಗುರುತು ಸಾಕು, ಗೂಟ ಹೊಡೆಯುವಂತಿಲ್ಲ. ನೂರಕ್ಕೆ ಐದರಷ್ಟು ಇಳಿಜಾರಿದ್ದರೆ ಪ್ರತಿ ಒಂದು ಮೀಟರ್ ಇಳಿತಕ್ಕೊಂದು ಸಾಲು, ಅಂದರೆ ಸಾಲಿನಿಂದ ಸಾಲಿಗೆ 20 ಮೀಟರ್. ನೂರಕ್ಕೆ ಹತ್ತಾದರೆ 10 ಮೀಟರ್. ಗೆರೆಯುದ್ದಕ್ಕೂ ಒತ್ತಿ ಕಟ್ಟಿದ ಪಿಲಿ ಹುಲ್ಲಿನ ಪೆಂಡಿಗಳನ್ನು ಸಂದಿಲ್ಲದಂತೆ ಜೋಡಿಸಿ. ಪಿಲಿ ನಮಗೆ ಹೊಸದಲ್ಲ. ಒಣಗುಡ್ಡಗಳಲ್ಲಿ ನಡೆದರೆ ಪಂಚೆಗೆ ಚುಚ್ಚಿಕೊಳ್ಳುವ ಈಟಿಬೀಜದ ಹುಲ್ಲೇ ಅದು. ಪೆಂಡಿ ನೀರಿನ ಓಟ ತಡೆಯುತ್ತದೆ, ಹೂಳು ಹಿಡಿಯುತ್ತದೆ, ಬೀಜ ಬಲಿತ ಮೇಲೆ ಕಟಾವು ಮಾಡಿದ್ದರೆ ತಾನೇ ಮೊಳಕೆಯೊಡೆಯುತ್ತದೆ.

ಎರಡು ಪೆಂಡಿಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟರೂ ನೀರೆಲ್ಲ ಅಲ್ಲಿಗೇ ನುಗ್ಗಿ ಹೊಸ ಕೊರಕಲು ಕೊರೆಯುತ್ತದೆ. ಈ ಕೆಲಸ ಹೆಚ್ಚಾಗಿ ಸೋಲುವುದು ಹೀಗೆಯೇ. ಸಂದಿಗೆ ಹುಲ್ಲು ತುರುಕಿ, ಪೆಂಡಿಯ ಕೆಳಬದಿಗೆ ಭಾರದ ಕಲ್ಲು ಒತ್ತಿಡಿ. ಕಲ್ಲನ್ನು ಮೊದಲೇ ನೋಡಿಟ್ಟ ರಾಶಿಯಿಂದ ತನ್ನಿ, ನೆಲದಿಂದ ಕೀಳಬೇಡಿ.

ಸಸಿಗೆ ಗುಂಡಿಯ ಬದಲು ದಿಬ್ಬ. ಪೆಂಡಿಯ ಮೇಲ್ಬದಿಯಲ್ಲಿ, ಶೋಧಿಸಿದ ಮಣ್ಣು ಮತ್ತು ಗೊಬ್ಬರ ಬೆರೆಸಿ ಮೊಣಕಾಲೆತ್ತರ ಪೇರಿಸಿ ಅದರೊಳಗೆ ನೆಡಿ. ಪೆಂಡಿಯ ಹಿಂದೆ ನಿಂತ ಹೂಳು ಕೈಗೆ ಸಿಗುವಷ್ಟು ಹತ್ತಿರವಿರುತ್ತದೆ, ಅದನ್ನೇ ಬಾಚಿಕೊಳ್ಳೋಣ ಅನ್ನಿಸುತ್ತದೆ. ಅದು ಮೇಲಿನಿಂದ ಏನನ್ನು ಹೊತ್ತು ತಂದಿದೆಯೋ ತಂತ್ರಜ್ಞರು ನೋಡುವ ತನಕ ಮುಟ್ಟಬೇಡಿ. ಹೊರಗಿನಿಂದ ತಂದ ಮಣ್ಣಿನಲ್ಲಿ ಇರುವೆ, ಕಳೆಬೀಜ ಬರುತ್ತವೆ. ಬೂಟಿನ ತಳವನ್ನೂ ಉಜ್ಜಿ ತೊಳೆದೇ ದೋಣಿ ಹತ್ತಬೇಕು.

ಗಾಳಿಗೆ ಎದೆಯೊಡ್ಡಲು ಮೊದಲು ಆಅಲಿಇ ನೆಡಿ. ಅದು ನಮ್ಮ ಬಂದರಿಕೆಯೇ, ಬೇರೆ ಗಿಡವಲ್ಲ. ಅದರ ಮರೆಯಲ್ಲಿ ನಂತರ ವಿಲಿವಿಲಿ, ಅಂದರೆ ಹಾಲುವಾಣದ ಜಾತಿಯ ಮರ. ಕರಾವಳಿಯುದ್ದಕ್ಕೂ ಹಬ್ಬಿರುವ ಕಿಯಾವೆ ಬಳ್ಳಾರಿ ಜಾಲಿಯ ಬಳಗದ್ದು. ಅದನ್ನು ಬೇರುಸಹಿತ ಕೀಳುವಂತಿಲ್ಲ, ಕಡಿದು ಬುಡಕ್ಕೆ ಕಳೆನಾಶಕ ಹಚ್ಚಬೇಕು. ಹನಿ ನೀರಾವರಿ ಪೈಪುಗಳನ್ನು ಹೂಳದೆ ನೆಲದ ಮೇಲೆಯೇ ಹಾಯಿಸಿ. ಬಿಸಿಲಿಗೆ ಬಿರಿಯುವ ಕಾರಣ ಬದಲಿ ಪೈಪು, ಜೋಡಣೆಗಳು ಕೈಯಲ್ಲಿರಲಿ. ಮಾವಿಯ ಹಲೆಅಕಲಾ ಪರ್ವತದ ಮಳೆನೆರಳಿನಲ್ಲಿರುವ ದ್ವೀಪವಿದು. ನೆಡುವುದೇನಿದ್ದರೂ ನವೆಂಬರ್‌ನಿಂದ ಶುರುವಾಗುವ ಚಳಿಗಾಲದ ಮಳೆಯಲ್ಲಿ. ಆಡುಗಳು ಉಳಿದಿದ್ದರೆ ಇದೆಲ್ಲ ವ್ಯರ್ಥ. ಕಹೋಲಾವೆಯಲ್ಲಿ ಕೊನೆಯ ಆಡು ಹೊರಬಿದ್ದದ್ದು 1993ರಲ್ಲಿ.

ಎಲ್ಲಿ ಮೊದಲು ನೆಡಬೇಕೆಂಬುದನ್ನು ತೋಟಗಾರಿಕೆ ಬಲ್ಲವರೇ ನಿರ್ಧರಿಸಬಾರದು. 1976ರಲ್ಲಿ ನಿಷೇಧ ಮೀರಿ ದೋಣಿಯಲ್ಲಿ ಬಂದಿಳಿದ ಮೂಲ ಹವಾಯಿಯರಿಂದಲೇ ಬಾಂಬು ನಿಲ್ಲಿಸುವ ಹೋರಾಟ ಬೆಳೆದದ್ದು. 1977ರಲ್ಲಿ ಹೋರಾಟಗಾರರಾದ ಜಾರ್ಜ್ ಹೆಲ್ಮ್ ಮತ್ತು ಕಿಮೊ ಮಿಚೆಲ್ ಈ ಕಡಲಲ್ಲೇ ಕಾಣೆಯಾದರು. ಪೂಜಾಸ್ಥಳ, ಸಮಾಧಿ, ಹಳೆಯ ಮೀನುಗಾರರ ನೆಲೆ ಎಲ್ಲಿವೆಯೆಂದು ಮೂಲ ಹವಾಯಿಯರು ಬಲ್ಲರು. ಪೆಂಡಿಯ ಸಾಲು ಅವುಗಳ ಮೇಲೆ ಹಾದರೆ ಗೆರೆಯನ್ನೇ ಬದಲಿಸಬೇಕು.  ಹವಾಯಿಯ ಮಾತಿರಲಿ, ಪೋರ್ಟೊರಿಕೊದ ವಿಯೆಕೆಸ್‌ನಿಂದ 2003ರ ಮೇ 1ರಂದು ನೌಕಾಪಡೆ ಹೊರಟಾಗ ಅದರ ನೆಲದ ಬಹುಪಾಲು ವನ್ಯಜೀವಿ ಧಾಮವಾಯಿತು, ಸಿಡಿಯದ ಬಾಂಬುಗಳಿದ್ದ ಭಾಗಕ್ಕೆ ಊರವರಿಗೆ ಪ್ರವೇಶವೇ ಇಲ್ಲದಾಯಿತು. ಸೇನೆ ಹೋದ ಮಾತ್ರಕ್ಕೆ ನೆಲ ಜನರ ಕೈಗೆ ಬರುವುದಿಲ್ಲ. ಶೋಧನೆಯ ಆಳ ನಿರ್ಧಾರವಾಗುವ ಸಭೆಯಲ್ಲೇ ಅವರು ಕೂತಿರಬೇಕು.

ಮುರ್ಡೇಶ್ವರದ ಎದುರಿನ ನೇತ್ರಾಣಿಯನ್ನೂ ನಮ್ಮ ನೌಕಾಪಡೆ ಗುರಿಯ ಅಭ್ಯಾಸಕ್ಕೆ ಬಳಸಿದ್ದುಂಟು. ಅಲ್ಲಿ ಡೈವಿಂಗ್ ಮಾಡುವವರು, ಬಲೆ ಬಿಡುವವರು ಕೊಳವೆಯಾಕಾರದ ಲೋಹ ಕಂಡರೆ ಎತ್ತಬೇಡಿ, ಅದರ ಹತ್ತಿರ ಲಂಗರು ಇಳಿಸಬೇಡಿ. ಜಿಪಿಎಸ್ ಗುರುತು ಬರೆದುಕೊಂಡು ದೂರ ಸರಿದು ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ಬಲೆಗೆ ಸಿಕ್ಕಿಬಿದ್ದಿದ್ದರೆ ದೋಣಿಯೊಳಕ್ಕೆ ಎಳೆದುಕೊಳ್ಳದೆ ಬಲೆಯನ್ನೇ ಕತ್ತರಿಸಿ ಬಿಡಿ.