‘ಕಂಟಿನ್ಯುಯಸ್ಲಿ’ ಪದವನ್ನು ಸರಿಯಾಗಿ ಬಳಸುವ ಬಗೆ

ಇಂಗ್ಲಿಷಿನ ‘ಕಂಟಿನ್ಯುಯಸ್ಲಿ’ ಎಂಬ ಕ್ರಿಯಾವಿಶೇಷಣಕ್ಕೆ ನಾವು ಸಾಮಾನ್ಯವಾಗಿ ‘ನಿರಂತರವಾಗಿ’, ‘ಸತತವಾಗಿ’ ಎಂದು ಅರ್ಥ ಹೇಳುತ್ತೇವೆ. ಅದು ತಪ್ಪಲ್ಲ, ಆದರೆ ಈ ಎರಡು ಕನ್ನಡ ಪದಗಳ ಹರವು ಇಂಗ್ಲಿಷ್ ಪದದ್ದಕ್ಕಿಂತ ದೊಡ್ಡದಾದ್ದರಿಂದ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಇಲ್ಲಿ ಎಡವುತ್ತಾರೆ. ನನ್ನ ಮಟ್ಟಿಗೆ ಇದಕ್ಕೆ ಹೆಚ್ಚು ಒಪ್ಪುವ ಮಾತು ‘ಎಡೆಬಿಡದೆ’. ನಡುವೆ ಒಂದಿಷ್ಟೂ ಬಿಡುವಿಲ್ಲದೆ ನಡೆಯುವ ಕ್ರಿಯೆಗೆ ಮಾತ್ರ ಈ ಪದ ಸಲ್ಲುತ್ತದೆ. ‘ಇಟ್ ರೇನ್ಡ್ ಕಂಟಿನ್ಯುಯಸ್ಲಿ ಫಾರ್ ತ್ರೀ ಅವರ್ಸ್’ ಎಂದರೆ ಆ ಮೂರು ಗಂಟೆಗಳಲ್ಲಿ ಮಳೆ ಒಮ್ಮೆಯೂ ನಿಲ್ಲಲಿಲ್ಲ ಎಂದು ಅರ್ಥ.

ಇದರ ಪಕ್ಕದಲ್ಲೇ ‘ಕಂಟಿನ್ಯುಯಲಿ’ ಎಂಬ ಇನ್ನೊಂದು ಪದವಿದೆ. ಬಿಟ್ಟು ಬಿಟ್ಟು, ಆದರೆ ಮೇಲಿಂದ ಮೇಲೆ ನಡೆಯುವುದನ್ನು ಅದು ಸೂಚಿಸುತ್ತದೆ. ‘ಹಿ ಕಂಟಿನ್ಯುಯಲಿ ಇಂಟರಪ್ಟ್ಸ್ ಮಿ’ ಎಂದರೆ ಅವನು ಪದೇ ಪದೇ ನನ್ನ ಮಾತಿಗೆ ಅಡ್ಡ ಬರುತ್ತಾನೆ. ಅಡ್ಡಿಗಳ ನಡುವೆ ನನಗೆ ಮಾತಾಡಲು ಸ್ವಲ್ಪವಾದರೂ ಅವಕಾಶ ಸಿಗುತ್ತದೆ. ಸಂದೇಹ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು, ಅಲ್ಲಿ ‘ಎಡೆಬಿಡದೆ’ ಕೂಡುತ್ತದೆಯೋ ‘ಪದೇ ಪದೇ’ ಕೂಡುತ್ತದೆಯೋ ಎಂದು ನೋಡಿದರೆ ಸಾಕು. ಎರಡೂ ಪದಗಳ ಬೇರು ಒಂದೇ ಲ್ಯಾಟಿನ್ ಪದದಲ್ಲಿದೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಕಂಟಿನ್ಯುಯಲಿ’ ಎರಡೂ ಅರ್ಥಗಳನ್ನು ಹೊರುತ್ತಿತ್ತು, ಇಂದಿಗೂ ಎಲ್ಲರೂ ಈ ಭೇದವನ್ನು ಪಾಲಿಸುವುದಿಲ್ಲ. ಆದರೂ ಎಚ್ಚರದಿಂದ ಬರೆಯುವವರು ಪಾಲಿಸುವುದೇ ಒಳ್ಳೆಯದು. ಉದ್ದಕ್ಕೂ ಹಬ್ಬಿದ ವಸ್ತುವಿನ ಬಗ್ಗೆ ಹೇಳುವಾಗಲಂತೂ ಆಯ್ಕೆಯ ಪ್ರಶ್ನೆಯೇ ಇಲ್ಲ: ರಸ್ತೆಯ ಪಕ್ಕದಲ್ಲಿ ಎಲ್ಲೂ ತುಂಡಾಗದೆ ಸಾಗುವ ಗೋಡೆಗೆ ‘ಕಂಟಿನ್ಯುಯಸ್ಲಿ’ಯೇ ಸರಿ.

ನಾನು ಹೆಚ್ಚಾಗಿ ಕಂಡಿರುವ ತಪ್ಪು ‘ಸತತವಾಗಿ’ ಎಂಬ ಪದದಿಂದ ಹುಟ್ಟುತ್ತದೆ. ‘ತಂಡ ಸತತವಾಗಿ ಮೂರು ಬಾರಿ ಗೆದ್ದಿತು’ ಎಂಬುದು ಸಹಜವಾದ ಕನ್ನಡ. ಅದನ್ನೇ ‘ದ ಟೀಮ್ ವನ್ ಕಂಟಿನ್ಯುಯಸ್ಲಿ ತ್ರೀ ಟೈಮ್ಸ್’ ಎಂದು ಬರೆದರೆ ಅರ್ಥ ಕೆಡುತ್ತದೆ, ಏಕೆಂದರೆ ಗೆಲುವುಗಳು ಒಂದರ ಹಿಂದೊಂದು ಬಂದವೇ ಹೊರತು ಬಿಡುವಿಲ್ಲದೆ ಹರಿಯಲಿಲ್ಲ. ಇಂತಲ್ಲಿ ‘ತ್ರೀ ಟೈಮ್ಸ್ ಇನ್ ಎ ರೋ’ ಎನ್ನಬೇಕು, ಅಥವಾ ‘ತ್ರೀ ಕನ್ಸೆಕ್ಯುಟಿವ್ ಮ್ಯಾಚಸ್’ ಎಂಬಂತೆ ‘ಕನ್ಸೆಕ್ಯುಟಿವ್’ ಎಂಬ ಗುಣವಾಚಕವನ್ನು ಬಳಸಬೇಕು. ಒಬ್ಬರು ನಾಲ್ಕು ದಿನ ಬಿಡದೆ ರಜೆ ಹಾಕಿದ್ದನ್ನು ಹೇಳುವಾಗಲೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ‘ಬೆಳಿಗ್ಗೆಯಿಂದ ಎಡೆಬಿಡದೆ ಕೆಲಸ ಮಾಡುತ್ತಿದ್ದೇನೆ’ ಎಂದು ನಾವು ವರ್ತಮಾನದಲ್ಲೇ ಹೇಳುವುದರಿಂದ, ‘ಐ ಆಮ್ ವರ್ಕಿಂಗ್ ಕಂಟಿನ್ಯುಯಸ್ಲಿ ಸಿನ್ಸ್ ಮಾರ್ನಿಂಗ್’ ಎಂಬ ವಾಕ್ಯ ತಾನಾಗಿ ಬಾಯಿಗೆ ಬರುತ್ತದೆ. ಹಿಂದೆ ಆರಂಭವಾಗಿ ಈಗಲೂ ಸಾಗುತ್ತಿರುವ ಕೆಲಸಕ್ಕೆ ಇಂಗ್ಲಿಷ್ ಬೇರೆ ರೂಪವನ್ನು ಬೇಡುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಕಂಟಿನ್ಯುಯಸ್ಲಿ ಸಿನ್ಸ್ ದಿಸ್ ಮಾರ್ನಿಂಗ್’. ಆರಂಭದ ಗಳಿಗೆಯನ್ನು ಹೇಳುವಾಗ ‘ಸಿನ್ಸ್’, ಒಟ್ಟು ಅವಧಿಯನ್ನು ಹೇಳುವಾಗ ‘ಫಾರ್’ ಬರುತ್ತದೆ.

ವಾಕ್ಯದಲ್ಲಿ ಈ ಪದದ ಸ್ಥಾನ ಅಷ್ಟು ಕಷ್ಟದ್ದಲ್ಲ. ಅದು ಕ್ರಿಯಾಪದದ ನಂತರ ಬರಬಹುದು, ಸಹಾಯಕ ಕ್ರಿಯಾಪದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆಯೂ ಬರಬಹುದು. ಕ್ರಿಯಾಪದವನ್ನು ಅದರ ಕರ್ಮದಿಂದ ಮಾತ್ರ ಬೇರ್ಪಡಿಸಬಾರದು. ‘ಶಿ ಪ್ಲೇಡ್ ದ ಸಾಂಗ್ ಕಂಟಿನ್ಯುಯಸ್ಲಿ’ ಸರಿ, ‘ಶಿ ಪ್ಲೇಡ್ ಕಂಟಿನ್ಯುಯಸ್ಲಿ ದ ಸಾಂಗ್’ ಸರಿಯಲ್ಲ.

ಕೊನೆಗೆ, ಈ ಪದ ಎಲ್ಲ ಕಡೆಯೂ ಬೇಕಾಗುವುದಿಲ್ಲ. ಕನ್ನಡದಲ್ಲಿ ‘ಅಳುತ್ತಲೇ ಇತ್ತು’ ಎಂದಾಗ ನಿರಂತರತೆ ಕ್ರಿಯಾಪದದೊಳಗೇ ಅಡಗಿರುತ್ತದೆ, ಬೇರೊಂದು ವಿಶೇಷಣ ಬೇಕೆನಿಸುವುದಿಲ್ಲ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಕೀಪ್’ ಮಾಡುತ್ತದೆ: ‘ದ ಬೇಬಿ ಕೆಪ್ಟ್ ಕ್ರೈಯಿಂಗ್’. ಮಾತಿನಲ್ಲಿ ಇದೇ ಹೆಚ್ಚು ಸಹಜ. ವರದಿ, ಪ್ರಯೋಗದ ವಿವರಣೆ, ಯಂತ್ರ ಬಳಸುವ ಸೂಚನೆ ಮೊದಲಾದವುಗಳಲ್ಲಿ, ನಡುವೆ ನಿಲ್ಲಿಸಿದರೆ ಫಲಿತಾಂಶವೇ ಬೇರೆಯಾಗುತ್ತದೆ ಎಂಬಂಥ ಕಡೆ, ‘ಸ್ಟರ್ ಕಂಟಿನ್ಯುಯಸ್ಲಿ ಫಾರ್ ಟೆನ್ ಮಿನಿಟ್ಸ್’ ಎಂದೇ ಬರೆಯಬೇಕು.