ಸಾಂ-ಪೋಲ್‌ಗೆ ಬರುವವರೇ, ಮನೆಗಿಂತ ಮೊದಲು ಹೊಳೆ ನೋಡಿ

ಪರಮಾಣು ಸಮ್ಮಿಲನದಿಂದ ಶಕ್ತಿ ಪಡೆಯುವ ಪ್ರಯೋಗಕ್ಕಾಗಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಈಟರ್ (ITER) ಯೋಜನೆಯ ಕೆಲಸಕ್ಕೆ ಬರುವವರ ಕಾಗದಪತ್ರಗಳಲ್ಲಿ ಕಾಣುವ ಊರು, ದಕ್ಷಿಣ ಫ್ರಾನ್ಸಿನ ಸಾಂ-ಪೋಲ್-ಲೆ-ದ್ಯುರಾಂಸ್. ‘ಲೆ’ ಎಂದರೆ ಹಳೆಯ ಫ್ರೆಂಚ್‌ನಲ್ಲಿ ‘ಹತ್ತಿರದ’. ದ್ಯುರಾಂಸ್ ಹೊಳೆಯ ಹತ್ತಿರದ ಸಾಂ-ಪೋಲ್. ಪಟ್ಟಣವೆಂದುಕೊಂಡು ಬರಬೇಡಿ, ಇಲ್ಲಿರುವುದು ಸಾವಿರದ ಆಸುಪಾಸು ಜನ. ಪಕ್ಕದ ಕದರಾಶ್‌ನಲ್ಲಿ 1959ರಲ್ಲಿ ಪರಮಾಣು ಸಂಶೋಧನಾ ಕೇಂದ್ರ ಬಂತು, 2005ರಲ್ಲಿ ಈಟರ್‌ಗೆ ಇದೇ ಜಾಗ ಗೊತ್ತಾಯಿತು. ಭಾರತವೂ ಆ ವರ್ಷವೇ ಯೋಜನೆಗೆ ಸೇರಿತು.

ವೆರ್ದೋಂ ನದಿ ದ್ಯುರಾಂಸ್ ಸೇರುವ ಸಂಗಮ ಇಲ್ಲಿಯೇ. ಅದರ ಸುತ್ತ ನಾಲ್ಕು ಜಿಲ್ಲೆಗಳ ಗಡಿ ಕೂಡುತ್ತದೆ. ಹೊಸಬರು ಎಡವುವುದೇ ಇಲ್ಲಿ. ಸೇತುವೆಯಾಚೆ ಬಾಡಿಗೆ ಅಗ್ಗವೆಂದು ಮನೆ ಹಿಡಿದರೆ ಜಿಲ್ಲಾ ಕಚೇರಿಯೇ ಬದಲಾಗುತ್ತದೆ. ಪಿನ್‌ಕೋಡಿನ ಮೊದಲೆರಡು ಅಂಕಿ ನೋಡಿ: 13 ಇದ್ದರೆ ನಿಮ್ಮ ಜಿಲ್ಲಾ ಕಚೇರಿ ಇರುವ ಊರು ಮಾರ್ಸೇ, 83 ಆದರೆ ತೂಲೋಂ, 84 ಆದರೆ ಅವಿನ್ಯೋಂ, 04 ಆದರೆ ದೀನ್ಯ್. ಗುತ್ತಿಗೆ ಕಂಪನಿಗಳ ಮೂಲಕ ಬಂದು ವಾಸದ ಪರವಾನಗಿ ನವೀಕರಿಸಬೇಕಾದವರಿಗೆ ಇದು ಸಣ್ಣ ಮಾತಲ್ಲ. ಮಕ್ಕಳಿರುವ ಹಲವರು ಅಂತರರಾಷ್ಟ್ರೀಯ ಶಾಲೆ ಇರುವ ಮನೋಸ್ಕ್‌ನಲ್ಲಿ ನೆಲೆಸುತ್ತಾರೆ. ಅದು 04.

ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಬಿರುಗಾಳಿ, ದ್ಯುರಾಂಸ್ ನದಿ, ಎಕ್ಸ್ ಪಟ್ಟಣದ ನ್ಯಾಯಸಭೆ: ಈ ಮೂರೂ ಪ್ರೊವಾನ್ಸಿನ, ಅಂದರೆ ಈ ಸೀಮೆಯ, ಪೀಡೆಗಳೆಂದು ಹಳಬರು ಹೇಳುತ್ತಿದ್ದರು. ನ್ಯಾಯಸಭೆ ಫ್ರೆಂಚ್ ಕ್ರಾಂತಿಯ ಕಾಲದಲ್ಲೇ ಹೋಯಿತು. ನದಿಯನ್ನು ಮೇಲ್ಭಾಗದ ಸೆರ್-ಪೋನ್ಸೋಂ ಅಣೆಕಟ್ಟು ಹದ್ದುಬಸ್ತಿನಲ್ಲಿಟ್ಟಿದೆ. ನೀರಿನ ಬಹುಪಾಲು ವಿದ್ಯುತ್ ಕಾಲುವೆಗೆ ಹೋಗುವುದರಿಂದ ಹೊಳೆಯಲ್ಲಿ ಬಿಳಿ ಬೆಣಚುಕಲ್ಲು, ಸಣ್ಣ ಹರಿವು ಅಷ್ಟೇ ಕಾಣುತ್ತದೆ. ಹಾಗೆಂದು ಮಕ್ಕಳನ್ನು ಆಟಕ್ಕೆ ಇಳಿಸಬೇಡಿ. ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಿವು ಒಮ್ಮೆಗೇ ಏರುತ್ತದೆ, ದಂಡೆಯ ಹಳದಿ ಫಲಕಗಳು ಅದನ್ನೇ ಹೇಳುತ್ತವೆ. ಗಾಳಿಯನ್ನು ಮಾತ್ರ ಯಾರೂ ಹಿಡಿದಿಲ್ಲ. ಒಣಹಾಕಿದ್ದ ನನ್ನ ಪಂಚೆಯೊಂದು ನೆರೆಮನೆಯ ಆಲಿವ್ ಮರದ ತುದಿಗೇರಿ ಎರಡು ದಿನ ಬಾವುಟದಂತೆ ಹಾರಾಡಿತು.

ಶಾಲೆಗೆ ಹೆಸರು ಬರೆಸುವುದು ‘ಮೇರಿ’ಯಲ್ಲಿ, ಅಂದರೆ ನಮ್ಮ ಪಂಚಾಯಿತಿ ಕಚೇರಿಯಂಥ ಊರಿನ ಕಚೇರಿಯಲ್ಲಿ. 3 ವರ್ಷ ತುಂಬಿದ ಮಗುವಿಗೆ ಶಿಕ್ಷಣ ಕಡ್ಡಾಯ. ಜನನ ಪ್ರಮಾಣಪತ್ರದ ಅನುವಾದ, ಲಸಿಕೆ ಪುಸ್ತಕ, ಮನೆ ವಿಳಾಸಕ್ಕೆ ಪುರಾವೆ ಒಯ್ಯಿರಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಬೇಡಿ, ಬಾಗಿಲು ಮುಚ್ಚಿರುತ್ತದೆ. ಒಳಗೆ ಕಾಲಿಟ್ಟೊಡನೆ ‘ಬೋಂಜೂರ್’ ಎನ್ನಿ. ಅದನ್ನು ಬಿಟ್ಟು ನೇರ ವಿಷಯಕ್ಕಿಳಿದರೆ ಎದುರಿನವರ ಮುಖ ಬಿಗಿಯುತ್ತದೆ.

ತಿಂಗಳ ಮೊದಲ ಬುಧವಾರ ನಡುಹಗಲು ಸೈರನ್ ಕೂಗಿದರೆ ಒಲೆ ಆರಿಸಿ ಮಕ್ಕಳನ್ನು ಎತ್ತಿಕೊಂಡು ಓಡಬೇಡಿ. ದೇಶದಾದ್ಯಂತ ನಡೆಯುವ ಪರೀಕ್ಷೆ ಅದು.